ಆಟ, ಸಿನಿಮಾ ಮತ್ತು ಮಕ್ಕಳ ಸಿಟ್ಟು-ಸಂಕಟ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ರಜೆಯಲ್ಲಿ ಧಾರವಾಡದ ಮಕ್ಕಳಿಗೆ ನಾಟಕ ಆಡಿಸುತ್ತೇನೆ. ಉಳಿದ ತಿಂಗಳುಗಳಲ್ಲಿ ಶನಿವಾರ ಮಧ್ಯಾಹ್ನ ಓಣಿಯ ಏಳೆಂಟು ಮಕ್ಕಳು ನಮ್ಮ ಪಡಸಾಲೆಯಲ್ಲಿ ಸೇರುತ್ತಾರೆ. ಒಂದು ವಾರ ಆಟ, ಒಂದು ವಾರ ಸಿನಿಮಾ. ಅವುಗಳ ನೆಪದಲ್ಲಿ ಮಕ್ಕಳು ತಮ್ಮ ಭಾವನೆಗಳನ್ನು ಗುರುತಿಸಿ ಹೆಸರಿಡಲು ಕಲಿಯಲಿ ಎಂಬುದು ನನ್ನ ಆಸೆ. ಮಕ್ಕಳನ್ನು ಕರೆದುಕೊಂಡು ಹೋಗಲು ಬಂದವರು ಚಪ್ಪಲಿ ಮೆಟ್ಟುತ್ತ ಏನಾದರೊಂದು ಕೇಳುತ್ತಾರೆ, ನಾನು ಹೊಸ್ತಿಲ ಮೇಲೆ ನಿಂತು ಅರ್ಧ ಉತ್ತರ ಹೇಳುತ್ತೇನೆ. ಉಳಿದರ್ಧ ಇಲ್ಲಿದೆ. ನಾನು ಮನೋವೈದ್ಯೆ ಅಲ್ಲ ಎಂಬುದು ನೆನಪಿರಲಿ.

ಸಿಟ್ಟು, ದುಃಖ ಎಲ್ಲ ತಾವಾಗಿಯೇ ಬರುತ್ತವೆ. ಅವನ್ನು ಕಲಿಸುವುದೇನು ಬಂತು?

ಬರುವುದು ತಾನಾಗಿಯೇ ಬರುತ್ತದೆ. ಬಂದದ್ದು ಯಾವುದು ಎಂದು ತಾನಾಗಿ ತಿಳಿಯುವುದಿಲ್ಲ. ನಾಲ್ಕು ವರ್ಷದ ಹುಡುಗಿಗೆ ತಮ್ಮ ಹುಟ್ಟಿದ್ದಾನೆ, ಅವ್ವನ ತೊಡೆ ಖಾಲಿ ಇಲ್ಲ. ಹುಡುಗಿ ಹೊಟ್ಟೆ ನೋವು ಎನ್ನುತ್ತಾಳೆ. ಅಜ್ಜಿ ಅಜವಾನ ಅಗಿಯಲು ಕೊಡುತ್ತಾಳೆ. ನೋವು ಸುಳ್ಳಲ್ಲ, ಅದರ ಹೆಸರು ಮಾತ್ರ ತಪ್ಪು. ಹೊಟ್ಟೆಕಿಚ್ಚು ಎಂಬ ಪದ ಕಟ್ಟಿದವರಿಗೆ ಅದು ಎಲ್ಲಿ ಉರಿಯುತ್ತದೆ ಎಂದು ಚೆನ್ನಾಗಿ ಗೊತ್ತಿತ್ತು.

ನಮ್ಮ ಭಾಷೆ ಈ ವಿಷಯದಲ್ಲಿ ಶ್ರೀಮಂತ. ಅಂಜಿಕೆ ಬೇರೆ, ಅಳುಕು ಬೇರೆ, ದಿಗಿಲು ಬೇರೆ, ಕಳವಳ ಬೇರೆ. ಸಿಟ್ಟಿಗೂ ಮುನಿಸಿಗೂ ಅಂತರವಿದೆ: ಸಿಟ್ಟು ಯಾರ ಮೇಲೂ ಬರುತ್ತದೆ, ಮುನಿಸು ನಮ್ಮವರ ಮೇಲೆ ಮಾತ್ರ. ಇನ್ನು ಹಳಹಳಿ ಎಂಬ ಪದವಿದೆ. ಕೈತಪ್ಪಿ ಹೋದದ್ದನ್ನು ನೆನೆನೆನೆದು ಒಳಗೇ ಕುದಿಯುವುದು. ಇಷ್ಟೆಲ್ಲ ಇದ್ದೂ ಈಗಿನ ಮಕ್ಕಳ ಚೀಲದಲ್ಲಿ ಎರಡೇ ಪದ: ಬೇಜಾರು ಮತ್ತು ಬೋರ್. ಗೆಳೆಯ ಮಾತು ಬಿಟ್ಟರೂ ಬೇಜಾರು, ಅಜ್ಜ ತೀರಿಹೋದರೂ ಬೇಜಾರು.

ಹೆಸರು ಹೇಳಿದರೆ ಏನು ಲಾಭ ಎನ್ನುವವರಿಗೆ ಒಂದು ಮಾತು. ಅಮೆರಿಕದ ಮನೋವಿಜ್ಞಾನಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟಿನ ಅಥವಾ ಭಯದ ಮುಖವನ್ನು ನೋಡಿ ಆ ಭಾವನೆಯ ಹೆಸರನ್ನು ಗುರುತಿಸಿದವರ ಮಿದುಳಿನಲ್ಲಿ, ಭಯದಂಥ ಭಾವನೆಗಳಿಗೆ ಚುರುಕಾಗುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತ್ತು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ, ನಿಜ. ಆದರೆ ಅತ್ತು ಕರೆದು ರಂಪ ಮಾಡುವ ಮಗುವಿಗೆ "ನಿನಗೆ ಅವಮಾನವಾಯಿತು, ಅಲ್ಲವೇ?" ಎಂದಾಗ ಅಳುವಿನ ಸದ್ದು ಒಮ್ಮೆಲೇ ಬದಲಾಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಯಾವ ವಯಸ್ಸಿನಿಂದ ಶುರು ಮಾಡಬೇಕು?

ಮಾತು ಬಂದಾಗಿನಿಂದ. ಆದರೆ ಎಲ್ಲ ವಯಸ್ಸಿಗೂ ಎಲ್ಲವೂ ಎಟಕುವುದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ಎರಡು ಗೊಂಬೆ, ಒಂದು ಬುಟ್ಟಿ, ಒಂದು ಡಬ್ಬಿ, ಒಂದು ಪೇಡೆ. ಮೊದಲ ಗೊಂಬೆ ಪೇಡೆಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಎರಡನೆಯದು ಬಂದು ಅದನ್ನು ಡಬ್ಬಿಗೆ ಹಾಕುತ್ತದೆ. ಮೊದಲನೆಯದು ಮರಳಿ ಬಂದು ಪೇಡೆಯನ್ನು ಎಲ್ಲಿ ಹುಡುಕುತ್ತದೆ? ಮೂರು ವರ್ಷದ ಮಗು ಸಾಮಾನ್ಯವಾಗಿ ಡಬ್ಬಿ ತೋರಿಸುತ್ತದೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತಿದೆ ಎಂದೇ ಅದರ ನಂಬಿಕೆ. ನಾಲ್ಕು ದಾಟಿ ಐದರ ಹೊತ್ತಿಗೆ "ಬುಟ್ಟಿಯಲ್ಲಿ, ಪಾಪ ಅದಕ್ಕೇನು ಗೊತ್ತು" ಎನ್ನುತ್ತದೆ. ಆಸ್ಟ್ರಿಯಾದಲ್ಲಿ ವಿಮ್ಮರ್ ಮತ್ತು ಪೆರ್ನರ್ ಎಂಬ ಸಂಶೋಧಕರು 1983ರಲ್ಲಿ ಇದನ್ನು ಚಾಕೊಲೇಟ್ ಇಟ್ಟು ಮಾಡಿದ್ದರು. ಧಾರವಾಡದಲ್ಲಿ ಪೇಡೆಯೇ ಸರಿ. ಪರೀಕ್ಷೆ ಮುಗಿಯುವವರೆಗೆ ಅದು ಉಳಿಯುವುದಷ್ಟೇ ಕಷ್ಟ.

ಇನ್ನೊಬ್ಬರ ತಲೆಯೊಳಗೆ ಬೇರೆಯದೇ ಏನೋ ಇದೆ ಎಂದು ಹೊಳೆದ ಮೇಲೆ ಕಥೆಯ ಪಾತ್ರದ ಮನಸ್ಸನ್ನು ಕುರಿತು ಮಾತನಾಡಬಹುದು. ಖುಷಿ ಮತ್ತು ದುಃಖ ಒಂದೇ ಗಳಿಗೆಯಲ್ಲಿ ಒಟ್ಟಿಗೆ ಇರಬಲ್ಲವು ಎಂಬುದು ಏಳೆಂಟು ವರ್ಷಕ್ಕೆ ಮುಂಚೆ ಸರಿಯಾಗಿ ಹಿಡಿಯುವುದಿಲ್ಲ. ಆರು ವರ್ಷದವನಿಗೆ ಅದನ್ನು ವಿವರಿಸುತ್ತ ಕೂತರೆ ನಿಮ್ಮ ಗಂಟಲು ಒಣಗುತ್ತದೆ, ಅಷ್ಟೇ.

ಮನೆಯಲ್ಲಿ ಯಾವ ಆಟ ಆಡಿಸಬಹುದು?

ಹೊಸದೇನೂ ಕೊಳ್ಳಬೇಡಿ. ಭಾವನೆಗಳ ಚಿತ್ರವಿರುವ ಕಾರ್ಡುಗಳು ಎಂದು ಆನ್‌ಲೈನ್‌ನಲ್ಲಿ ಮಾರುತ್ತಾರೆ. ಅವುಗಳಲ್ಲಿ ನಗುವ ಮುಖವೂ ಅಳುವ ಮುಖವೂ ಮೊಟ್ಟೆಯ ಹಾಗೆ ಒಂದೇ ಆಕಾರ. ನಿಮ್ಮ ಮುಖ ಅದಕ್ಕಿಂತ ಎಷ್ಟೋ ವಾಸಿ.

ನಾನು ಮೊದಲ ದಿನ ಆಡಿಸುವುದು ಒಂದೇ ಸಾಲಿನ ಆಟ. ಸಾಲು ಇದು: "ರೊಟ್ಟಿ ಆಯಿತು, ಬಾ." ಇದನ್ನು ಸಿಟ್ಟಿನಿಂದ ಹೇಳಬೇಕು, ಅಂಜಿಕೊಂಡು ಹೇಳಬೇಕು, ಗುಟ್ಟಿನ ಹಾಗೆ, ಹೇಸಿಗೆಯಿಂದ, ಮೂರು ದಿನದಿಂದ ಮಾತು ಬಿಟ್ಟ ಅಣ್ಣನಿಗೆ ಹೇಳುವ ಹಾಗೆ ಹೇಳಬೇಕು. ಉಳಿದವರು ಕಣ್ಣು ಮುಚ್ಚಿಕೊಂಡು ಕೇಳಿ ಯಾವ ಭಾವ ಎಂದು ಊಹಿಸಬೇಕು. ಹೇಸಿಗೆಯ ರೊಟ್ಟಿ ಬಂದಾಗ ಪಡಸಾಲೆ ನಗುವಿನಿಂದ ತುಂಬುತ್ತದೆ. ಮಾತು ಬಿಟ್ಟ ಅಣ್ಣನ ರೊಟ್ಟಿಗೆ ಯಾರೂ ನಗುವುದಿಲ್ಲ. ಎಲ್ಲರ ಮನೆಯಲ್ಲೂ ಅದು ಒಮ್ಮೆ ಆಗಿರುತ್ತದೆ.

ನವರಸಗಳನ್ನು ತಂದರೆ ದೊಡ್ಡ ಮಕ್ಕಳಿಗೆ ಇನ್ನೂ ರುಚಿ. ಭರತನ ನಾಟ್ಯಶಾಸ್ತ್ರ ಹೇಳುವುದು ಎಂಟು ರಸ; ಶಾಂತ ಆಮೇಲೆ ಸೇರಿದ ಒಂಬತ್ತನೆಯದು. ಅಮೆರಿಕದ ಮನೋವಿಜ್ಞಾನಿ ಪಾಲ್ ಎಕ್‌ಮನ್ ಎಲ್ಲ ಜನರ ಮುಖದಲ್ಲೂ ಒಂದೇ ಥರ ಕಾಣುತ್ತವೆ ಎಂದು ಪಟ್ಟಿ ಮಾಡಿದ ಆರು ಭಾವಗಳಲ್ಲಿ (ಸಿಟ್ಟು, ಭಯ, ಹೇಸಿಗೆ, ದುಃಖ, ಖುಷಿ, ಬೆರಗು) ಆರೂ ಭರತನ ಎಂಟರಲ್ಲಿ ಸಿಗುತ್ತವೆ. ಎಕ್‌ಮನ್ ಪಟ್ಟಿಯ ಬಗ್ಗೆ ವಿದ್ವಾಂಸರಲ್ಲಿ ಈಗಲೂ ಜಗಳವಿದೆ. ಮಕ್ಕಳಿಗೆ ಆ ಜಗಳ ಬೇಡ. ರೌದ್ರ, ಬೀಭತ್ಸ ಎಂಬ ಪದಗಳನ್ನು ಬಾಯಿ ತುಂಬ ಹೇಳುವುದೇ ಅವರಿಗೆ ಹಬ್ಬ.

ಇನ್ನೊಂದು, ಅದಲು ಬದಲಾಟ. ಮಗು ಅಪ್ಪ, ಅಪ್ಪ ಮಗು. ಹುಬ್ಬಳ್ಳಿಯ ಒಬ್ಬ ತಂದೆ ಇದನ್ನು ನಮ್ಮ ಮನೆಯಲ್ಲೇ ಆಡಿದರು. ಎಂಟು ವರ್ಷದ ಮಗಳು ಬಾಗಿಲಿನಿಂದ ಒಳಗೆ ಬಂದಳು, ಇಲ್ಲದ ಗಡಿಯಾರ ಬಿಚ್ಚಿದಳು, ಇಲ್ಲದ ಮೊಳೆಗೆ ಇಲ್ಲದ ಅಂಗಿ ತೂಗುಹಾಕಿದಳು, ಗೋಡೆಗೆ ಒರಗಿ ಕೂತು ಉದ್ದಕ್ಕೆ ಉಸಿರು ಬಿಟ್ಟಳು. ಅಪ್ಪ ಪುಟ್ಟ ದನಿ ಮಾಡಿ "ಅಪ್ಪಾ, ಸಿಟ್ಟು ಬಂದಿದೆಯಾ?" ಎಂದು ಕೇಳಿದರು. "ಸಿಟ್ಟಲ್ಲ, ಸಾಕಾಗಿದೆ," ಎಂದಳು. ಆ ಉಸಿರು ತಮ್ಮದೇ ಎಂದು ಅವರಿಗೆ ಗೊತ್ತಾಯಿತು. ಮಗಳಿಗೆ ಸಿಟ್ಟಿಗೂ ದಣಿವಿಗೂ ವ್ಯತ್ಯಾಸ ಗೊತ್ತಿದೆ ಎಂಬುದು ಅವತ್ತೇ ಗೊತ್ತಾದದ್ದು.

ಹಬ್ಬಗಳನ್ನೂ ಬಿಡಬೇಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳ ಕೈಯಲ್ಲೇ ಎತ್ತು ಮಾಡಿಸಿ. ನನ್ನ ಮಗ ಒಂದು ಕೋಡು ಮುರಿದ ಎತ್ತಿಗೆ ಹೆಸರಿಟ್ಟು ಪಕ್ಕದಲ್ಲೇ ಮಲಗಿಸಿಕೊಂಡಿದ್ದ. ನೀರಿಗೆ ಬಿಡುವ ಹೊತ್ತಿಗೆ ಕೈ ಬಿಡಲೇ ಒಲ್ಲ. ನಮ್ಮ ಮಾವನವರು ಅವನ ಕೈಗೆ ತಮ್ಮ ಕೈ ಹಚ್ಚಿ "ನನಗೂ ಬಿಡುವುದು ಕಷ್ಟ, ಇಬ್ಬರೂ ಸೇರಿ ಬಿಡೋಣ" ಎಂದರು. ಮುಂದಿನ ವರ್ಷ ಇನ್ನೊಂದು ಮಾಡಿದರಾಯಿತು ಎಂದು ನಾನು ಹೇಳಲು ಹೊರಟಿದ್ದೆ. ಸದ್ಯ, ಬಾಯಿ ತೆರೆಯಲಿಲ್ಲ.

ಆಟದಲ್ಲಿ ಸೋತರೆ ಮಗ ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಾನೆ. ಬೇಕೆಂದೇ ಸೋತುಕೊಡಬೇಕೇ?

ಐದರೊಳಗಿನ ಮಗುವಿಗೆ ಆಗಾಗ ಸೋತುಕೊಟ್ಟರೆ ಪ್ರಪಂಚ ಮುಳುಗುವುದಿಲ್ಲ. ಆಮೇಲೆ ಬೇಡ, ಮಕ್ಕಳು ಪತ್ತೆ ಹಚ್ಚುತ್ತಾರೆ ಮತ್ತು ಅದು ಸೋಲಿಗಿಂತ ದೊಡ್ಡ ಅವಮಾನ. ಅದರ ಬದಲು ಅದೃಷ್ಟದ ಆಟ ಹಿಡಿಯಿರಿ: ಹಾವು-ಏಣಿ, ಚೌಕಾಬಾರ. ಕವಡೆ ಬೀಳುವುದು ಯಾರ ಕೈಯಲ್ಲೂ ಇಲ್ಲ. ನಿಮ್ಮ ಕಾಯಿ ಹಣ್ಣಾಗಲು ಒಂದೇ ಮನೆ ಇರುವಾಗ ಹೊಡೆಸಿಕೊಂಡಿರೋ, ಮುಖ ಮುಚ್ಚಿಕೊಳ್ಳಬೇಡಿ. "ಅಯ್ಯೋ, ಹೊಟ್ಟೆ ಚುರ್ ಎಂದಿತು. ಒಂದು ನಿಮಿಷ ತಡಿ, ನೀರು ಕುಡಿದು ಬರುತ್ತೇನೆ" ಎಂದು ಎದ್ದು ಹೋಗಿ, ಬಂದು ಮತ್ತೆ ಕವಡೆ ಹಾಕಿ. ಸೋತವರು ಏನು ಮಾಡುತ್ತಾರೆ ಎಂಬುದನ್ನು ಮಗು ನೋಡಿಯೇ ಇರುವುದಿಲ್ಲ, ಏಕೆಂದರೆ ಮನೆಯಲ್ಲಿ ದೊಡ್ಡವರು ಸೋತದ್ದನ್ನು ತೋರಿಸುವುದಿಲ್ಲ.

ಆಟದಲ್ಲಿ ಬರೀ ಹೊಡಿ, ಕೊಲ್ಲು, ಸತ್ತುಹೋದ ಎಂದೇ ಆಡುತ್ತಾನೆ. ಚಿಂತೆ ಮಾಡಬೇಕೇ?

ಬಹುಮಟ್ಟಿಗೆ ಇಲ್ಲ. ಆಸ್ಪತ್ರೆಯ ಆಟದಲ್ಲಿ ಮಗು ರೋಗಿಯಾಗಿ ಅಳುತ್ತದೆ, ಅದೇ ಗಳಿಗೆಯಲ್ಲಿ ಆಟಗಾರನಾಗಿ ಖುಷಿಪಡುತ್ತದೆ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವಿಗೋಟ್‌ಸ್ಕಿ 1930ರ ದಶಕದಲ್ಲೇ ಗಮನಿಸಿದ್ದರು. ಹೆದರಿಸಿದ್ದನ್ನು ಮಗು ಆಡಿ ಆಡಿ ಸಣ್ಣದು ಮಾಡಿಕೊಳ್ಳುತ್ತದೆ. ಸತ್ತವನು ಎದ್ದು ನೀರು ಕುಡಿಯಲು ಹೋಗುತ್ತಿದ್ದರೆ ಆಟ ಆರೋಗ್ಯವಾಗಿದೆ. ಒಂದೇ ಘಟನೆಯನ್ನು ನಗುವಿಲ್ಲದೆ, ಬದಲಿಲ್ಲದೆ, ವಾರಗಟ್ಟಲೆ ಆಡುತ್ತಿದ್ದರೆ, ಅಥವಾ ನಿಜವಾಗಿ ನೋಯಿಸುತ್ತಿದ್ದರೆ ಆಗ ವಿಚಾರಿಸಿ.

ಯಾವ ಸಿನಿಮಾ ತೋರಿಸಬೇಕು?

ಪಟ್ಟಿ ಕೊಡಲು ನನಗೆ ಮನಸ್ಸಿಲ್ಲ. ಪಟ್ಟಿ ಸಿಕ್ಕರೆ ಭಾನುವಾರವೇ ನಾಲ್ಕು ಮುಗಿಸುತ್ತೀರಿ. ನಾನು ಮತ್ತೆ ಮತ್ತೆ ಹಾಕುವ ಮೂರನ್ನು ಹೇಳುತ್ತೇನೆ.

ಒಂದು, ಎನ್. ಲಕ್ಷ್ಮೀನಾರಾಯಣ ನಿರ್ದೇಶಿಸಿದ 1985ರ ‘ಬೆಟ್ಟದ ಹೂವು’. ಪುನೀತ್ ರಾಜ್‌ಕುಮಾರ್ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ಪಡೆದ ಚಿತ್ರ. ಹುಡುಗನಿಗೆ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳುವ ಆಸೆ. ಕಾಡುಹೂವು ತಂದುಕೊಟ್ಟು ಕಾಸಿಗೆ ಕಾಸು ಕೂಡಿಸುತ್ತಾನೆ. ಕೊನೆಗೆ ಆ ಹಣದಲ್ಲಿ ಮನೆಯವರಿಗಾಗಿ ಕಂಬಳಿ ಕೊಳ್ಳುತ್ತಾನೆ. ಎರಡು ಆಸೆ, ಒಂದೇ ಜೇಬು.

ಎರಡು, 1921ರ ಚಾರ್ಲಿ ಚಾಪ್ಲಿನ್ ಚಿತ್ರ ‘ದಿ ಕಿಡ್’. ಮೂಕಿ ಚಿತ್ರ, ಸುಮಾರು ಒಂದು ತಾಸು. ಸಾಕಿದ ಹುಡುಗನನ್ನು ಅನಾಥಾಲಯದವರು ಲಾರಿಯಲ್ಲಿ ಹಾಕಿಕೊಂಡು ಹೋಗುತ್ತಾರೆ, ಚಾಪ್ಲಿನ್ ಮಾಳಿಗೆಯಿಂದ ಮಾಳಿಗೆಗೆ ಓಡಿ ಬೆನ್ನಟ್ಟುತ್ತಾನೆ. ಗಲಗಲ ಎನ್ನುತ್ತಿದ್ದ ಮಕ್ಕಳು ಆ ಹೊತ್ತಿಗೆ ಒಬ್ಬರಿಗೊಬ್ಬರು ಆತು ಕೂತಿರುತ್ತಾರೆ.

ಮೂರು, 2015ರ ‘ಇನ್‌ಸೈಡ್ ಔಟ್’. ಊರು ಬಿಟ್ಟು ಊರಿಗೆ ಬಂದ ಹನ್ನೊಂದು ವರ್ಷದ ಹುಡುಗಿಯ ತಲೆಯೊಳಗೆ ಖುಷಿ, ದುಃಖ, ಭಯ, ಹೇಸಿಗೆ, ಸಿಟ್ಟು ಐದೂ ಪಾತ್ರಗಳಾಗಿ ಓಡಾಡುತ್ತವೆ. ದುಃಖವನ್ನು ಮೂಲೆಗೆ ತಳ್ಳಿದರೆ ಕೆಲಸ ನಡೆಯುವುದಿಲ್ಲ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ. ಒಂದೇ ತಕರಾರು. ಅದನ್ನು ನೋಡಿದ ಮರುವಾರ ಒಬ್ಬ ಹುಡುಗ ತಂಗಿಗೆ ಬಾರಿಸಿ "ನಾನಲ್ಲ, ನನ್ನೊಳಗಿನ ಕೆಂಪು ಮನುಷ್ಯ ಹೊಡೆದ" ಎಂದ. ಅವನಿಗೆ ಹೇಳಿದೆ: ಸಿಟ್ಟು ಕೆಂಪು ಮನುಷ್ಯನದೇ ಇರಲಿ, ಕೈ ಯಾರದು?

ಸಿನಿಮಾ ಮುಗಿದ ಮೇಲೆ ಏನು ಕೇಳಬೇಕು?

"ಇದರ ನೀತಿ ಏನು?" ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಮಕ್ಕಳ ಬೆನ್ನು ನೆಟ್ಟಗಾಗುತ್ತದೆ, ಬಾಯಿಂದ ಶಾಲೆಯ ಉತ್ತರ ಬರುತ್ತದೆ: ಹಿರಿಯರಿಗೆ ಗೌರವ ಕೊಡಬೇಕು, ಸುಳ್ಳು ಹೇಳಬಾರದು. ಸಿನಿಮಾದಲ್ಲಿ ಹಿರಿಯರೇ ಇರಲಿಲ್ಲ ಎಂದರೂ ಅದೇ ಉತ್ತರ.

"ನೀನೂ ಹೀಗೆಯೇ ಮಾಡುತ್ತೀಯಲ್ಲ?" ಎಂಬುದೂ ಬೇಡ. ಸಿನಿಮಾ ಮತ್ತು ಆಟಗಳ ಉಪಕಾರವೇ ಅದು: ಸಂಕಟ ಇನ್ನೊಬ್ಬರದು. ಹೊಟ್ಟೆಕಿಚ್ಚು ಪಡುವವನು ಪರದೆಯ ಮೇಲಿನ ಹುಡುಗ, ನಾಚಿಕೊಂಡವಳು ಗೊಂಬೆ. ಪರರ ವಸ್ತುವನ್ನು ತಿರುಗಿಸಿ ಮುರುಗಿಸಿ ನೋಡುವ ಹಾಗೆ ಮಗು ಆ ಭಾವನೆಯನ್ನು ನೋಡಬಲ್ಲದು. ನೀವು ಅದನ್ನು ಕಿತ್ತು ಮಗುವಿನ ತಲೆಗೆ ಕಟ್ಟಿದಿರೋ, ನೋಡುವುದು ನಿಂತಿತು.

ಸಣ್ಣದನ್ನು ಕೇಳಿ, ಕಣ್ಣಿಗೆ ಕಂಡದ್ದನ್ನು ಕೇಳಿ. ಅವನು ಬಾಗಿಲ ಹಿಂದೆ ಏಕೆ ನಿಂತ? ಅವಳ ಕೈ ಆಗ ಏನು ಮಾಡುತ್ತಿತ್ತು? ‘ಬೆಟ್ಟದ ಹೂವು’ ಮುಗಿದಾಗ ನಾನು ಕೇಳಿದ್ದು ಒಂದೇ: ಕಂಬಳಿ ಹೊತ್ತು ಹೋಗುವಾಗ ಅವನ ಹೊಟ್ಟೆಯೊಳಗೆ ಏನಾಗುತ್ತಿರಬಹುದು? ಖುಷಿ ಎಂದು ನಾಲ್ವರು ಹೇಳಿದರು. ಗದಗಿನಿಂದ ರಜೆಗೆ ಬಂದಿದ್ದ ಹುಡುಗಿಯೊಬ್ಬಳು ಸ್ವಲ್ಪ ಹೊತ್ತು ಬಿಟ್ಟು, "ಖುಷಿಯೇ. ಆದರೆ ಪುಸ್ತಕದ ಅಂಗಡಿಯ ಮುಂದೆ ಹೋಗಬಾರದು ಎನ್ನಿಸುತ್ತದೆ" ಎಂದಳು. ಅದಕ್ಕೆ ಹಳಹಳಿ ಎನ್ನುತ್ತಾರೆ ಎಂದೆ. ಆ ದಿನವಿಡೀ ಎಲ್ಲರ ಬಾಯಲ್ಲೂ ಅದೇ ಪದ. ಐಸ್‌ಕ್ರೀಂ ಮುಗಿದದ್ದಕ್ಕೂ ಹಳಹಳಿ.

ಸಿನಿಮಾವನ್ನು ನಡುವೆ ಎರಡು ಸಲಕ್ಕಿಂತ ಹೆಚ್ಚು ನಿಲ್ಲಿಸಬೇಡಿ. ನಿಮಗಾದರೆ ಹೇಗೆನಿಸುತ್ತದೆ?

ಇಂಗ್ಲಿಷ್ ಸಿನಿಮಾ ನಮ್ಮ ಮಕ್ಕಳಿಗೆ ಅರ್ಥವಾಗುವುದಿಲ್ಲವಲ್ಲ?

ಸದ್ದು ಬಂದ್ ಮಾಡಿ ಐದು ನಿಮಿಷ ತೋರಿಸಿ, ಮಕ್ಕಳೇ ಕನ್ನಡದಲ್ಲಿ ಮಾತು ತುಂಬಲಿ. ಅರ್ಥವಾಗುವ ಭಾಷೆಯ ಸಿನಿಮಾಕ್ಕೂ ಇದನ್ನು ಮಾಡಬಹುದು. ಮಾತು ಕೇಳಿಸದಿದ್ದಾಗಲೇ ಹುಬ್ಬು, ಭುಜ, ಕಾಲ್ಬೆರಳು ಕಣ್ಣಿಗೆ ಬೀಳುವುದು.

ಅಳು ಬರುವ, ಹೆದರಿಸುವ ದೃಶ್ಯಗಳನ್ನು ಓಡಿಸಿಬಿಡಬೇಕೇ?

ಅಳು ಬರುವುದನ್ನು ಬೇಡ. ಪಕ್ಕದಲ್ಲಿ ಕೂತಿರಿ, ನಿಮಗೂ ಕಣ್ಣು ತುಂಬಿದರೆ ಒರೆಸಿಕೊಳ್ಳುವುದನ್ನು ಮಗು ನೋಡಲಿ. ಹೆದರಿಸುವುದರ ಲೆಕ್ಕ ಬೇರೆ. ಮೊದಲು ನೀವೊಬ್ಬರೇ ನೋಡಿ. ಪ್ರಮಾಣಪತ್ರವನ್ನೂ ಗಮನಿಸಿ: 2023ರ ಕಾನೂನು ತಿದ್ದುಪಡಿಯ ನಂತರ ಯುಎ ದರ್ಜೆಯನ್ನು (ಮಕ್ಕಳು ಹೆತ್ತವರ ಮಾರ್ಗದರ್ಶನದಲ್ಲಿ ನೋಡಬೇಕಾದ ಸಿನಿಮಾಗಳದ್ದು) 7, 13 ಮತ್ತು 16 ವರ್ಷ ಎಂದು ಮೂರಾಗಿ ಒಡೆದಿದ್ದಾರೆ.

ನಾನು ಚಿಕ್ಕವಳಿದ್ದಾಗ ಹಾವೇರಿ ಕಡೆಯ ನಮ್ಮ ಅಜ್ಜನ ಊರಲ್ಲಿ ದೊಡ್ಡಾಟ ನೋಡಲು ಹೋಗಿ, ರಾಕ್ಷಸ ಕುಣಿಯುತ್ತ ಬಂದಾಗ ಅಜ್ಜನ ಧೋತರದೊಳಗೆ ಮುಖ ಹುದುಗಿಸಿದ್ದೆ. ಅಜ್ಜ ಗದರಲಿಲ್ಲ, ಮನೆಗೂ ಒಯ್ಯಲಿಲ್ಲ. ಕೈ ಹಿಡಿದು ರಂಗದ ಹಿಂದೆ ಕರೆದೊಯ್ದ. ರಾಕ್ಷಸ ಕಿರೀಟ ತೆಗೆದಿಟ್ಟು ಬಸಿಯಲ್ಲಿ ಚಹಾ ಹುಯ್ದುಕೊಂಡು, ಬಣ್ಣ ಅಳಿಯದ ಹಾಗೆ ತುಟಿ ಮುಂದೆ ಮಾಡಿ ಹೀರುತ್ತಿದ್ದ. "ಏನವ್ವಾ, ಅಂಜಿದೆಯಾ? ಹಾಗಾದರೆ ನನ್ನ ಪಾರ್ಟು ಚೆನ್ನಾಗಿ ಬಂತು" ಎಂದ. ಆಮೇಲೆ ಮುಂದೆ ಹೋಗಿ ಕೂತು ಮತ್ತೆ ಅಂಜಿದೆ. ಆದರೆ ಈಗ ಅಂಜುವುದರಲ್ಲಿ ಒಂದು ಸೊಗಸಿತ್ತು. ಸಿನಿಮಾಕ್ಕೂ ಇದೇ ಮದ್ದು: ಆ ದೃಶ್ಯವನ್ನು ಹೇಗೆ ತೆಗೆದರು ಎಂದು ತೋರಿಸಿ.

ಮನೆಯಲ್ಲಿ ಹಿರಿಯರು "ಗಂಡುಹುಡುಗ ಅಳಬಾರದು" ಎನ್ನುತ್ತಾರೆ. ಏನು ಮಾಡಲಿ?

ವಾದಕ್ಕೆ ಇಳಿಯಬೇಡಿ, ಗೆಲ್ಲುವುದಿಲ್ಲ. ಹುಬ್ಬಳ್ಳಿಯಲ್ಲಿ ಹೋಳಿಗೆ ಕಾಮಣ್ಣನನ್ನು ಸುಡುವಾಗ ದೊಡ್ಡ ದೊಡ್ಡ ಗಂಡಸರೇ ಬಾಯಿ ಬಡಿದುಕೊಂಡು ಲಬೋ ಲಬೋ ಎಂದು ಹೊಯ್ದುಕೊಳ್ಳುತ್ತಾರೆ. ವರ್ಷಕ್ಕೊಮ್ಮೆ ಊರೇ ಕೊಡುವ ಪರವಾನಗಿ ಅದು. ಹಿರಿಯರನ್ನು ಆ ನೆನಪಿಗೆ ಎಳೆಯಿರಿ. "ಮಾವ, ನೀವು ಚಿಕ್ಕವರಿದ್ದಾಗ ಯಾವುದಕ್ಕೆ ಬಹಳ ಅಂಜುತ್ತಿದ್ದಿರಿ?" ಎಂದು ಮೊಮ್ಮಗನ ಎದುರಿಗೇ ಕೇಳಿ. ಹೇಳಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಗುಮ್ಮನ ಹೆಸರು ಹೇಳಿ ಉಣಿಸುವ ಅಜ್ಜಿಯರಿಗೂ ಇದೇ ಉಪಾಯ.

ಪರದೆ ನೋಡುವ ಸಮಯ ಹೆಚ್ಚಾಗುವುದಿಲ್ಲವೇ?

ಎರಡು ವರ್ಷದೊಳಗಿನ ಮಗುವಿಗೆ ಪರದೆ ಬೇಡ, ಎರಡರಿಂದ ಐದರವರೆಗೆ ದಿನಕ್ಕೆ ಒಂದು ತಾಸು ಮೀರಬಾರದು ಎಂಬುದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆ. ನನ್ನ ಲೆಕ್ಕ ಇನ್ನೂ ಜಿಪುಣತನದ್ದು: ಹದಿನೈದು ದಿನಕ್ಕೊಂದು ಸಿನಿಮಾ, ಅದೂ ಯಾರಾದರೂ ಜೊತೆಗಿದ್ದರೆ. ಅಡುಗೆ ಮುಗಿಯುವವರೆಗೆ ಕೈಗೆ ಮೊಬೈಲ್ ಕೊಟ್ಟು ಕೂರಿಸುವುದಕ್ಕೆ ಬೇರೆ ಹೆಸರಿದೆ. ಎಲ್ಲರೂ ಮಾಡುತ್ತೇವೆ, ಅದನ್ನು ಭಾವನೆಯ ಪಾಠ ಎನ್ನುವುದು ಬೇಡ.

ನಾನು ಶಿಕ್ಷಕಿ. ತರಗತಿಯಲ್ಲಿ ನಲವತ್ತು ಮಕ್ಕಳು, ಪ್ರೊಜೆಕ್ಟರ್ ಇಲ್ಲ. ಏನು ಮಾಡಲಿ?

ರೊಟ್ಟಿಯ ಆಟಕ್ಕೆ ಏನೂ ಬೇಡ. ಹಾಜರಿ ಕರೆಯುವಾಗ "ಬಂದಿದ್ದೇನೆ, ಅಕ್ಕೋರೆ" ಎನ್ನುವ ಬದಲು ವಾರಕ್ಕೊಂದು ದಿನ ಇವತ್ತಿನ ಮನಸ್ಸಿನ ಹೆಸರು ಹೇಳಲಿ: "ಕಸಿವಿಸಿ, ಅಕ್ಕೋರೆ." ಹೇಳಲು ಒಲ್ಲದವರು ಬಂದಿದ್ದೇನೆ ಎಂದರೂ ಸಾಕು. ಏಕೆ ಎಂದು ಎಲ್ಲರ ಮುಂದೆ ಕೆದಕಬೇಡಿ.

ಯಾವಾಗ ತಜ್ಞರನ್ನು ಕಾಣಬೇಕು?

ನಿದ್ದೆ, ಊಟ, ಶಾಲೆ ವಾರಗಟ್ಟಲೆ ಕೆಟ್ಟಿದ್ದರೆ, ಆಟವನ್ನೇ ಬಿಟ್ಟಿದ್ದರೆ, ತನಗೆ ತಾನೇ ನೋವು ಮಾಡಿಕೊಳ್ಳುತ್ತಿದ್ದರೆ, ಸಾಯುವ ಮಾತನಾಡಿದರೆ ತಡ ಮಾಡಬೇಡಿ. ಧಾರವಾಡದಲ್ಲಿ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗುವಿಗೆ ಯಾರಿಂದಲಾದರೂ ಕಿರುಕುಳವಾಗುತ್ತಿದೆ ಎಂಬ ಅನುಮಾನವಿದ್ದರೆ ಮಕ್ಕಳ ಸಹಾಯವಾಣಿ 1098. ಮುಖ ನೋಡಿ ಭಾವನೆ ಗುರುತಿಸುವುದು ಕೆಲವು ಮಕ್ಕಳಿಗೆ, ಅದರಲ್ಲೂ ಆಟಿಸಂ ಇರುವವರಿಗೆ, ಕಷ್ಟವಾಗಬಹುದು. ಅಂಥವರಿಗೆ ಊಹಿಸು ಎನ್ನುವ ಆಟ ಶಿಕ್ಷೆಯಾಗುತ್ತದೆ. ತಜ್ಞರನ್ನು ಕೇಳಿಯೇ ಮುಂದುವರಿಯಿರಿ.

ಎಷ್ಟು ಕೇಳಿದರೂ ಮಗು ಏನೂ ಹೇಳುವುದಿಲ್ಲ. ಎಲ್ಲ ವ್ಯರ್ಥವೇ?

ಹಳ್ಳಿ ಬಿಟ್ಟು ಹುಬ್ಬಳ್ಳಿಗೆ, ಅಲ್ಲಿಂದ ನಮ್ಮ ಓಣಿಗೆ ಬಂದ ಒಂದು ಕುಟುಂಬದ ಹುಡುಗ, ಒಂಬತ್ತು ವರ್ಷ. ಚಾಪ್ಲಿನ್ ಸಿನಿಮಾ ಮುಗಿದಾಗ ಎಲ್ಲರೂ ಮಾತನಾಡಿದರು, ಅವನು ಚಾಪೆಯ ಎಳೆ ಕೀಳುತ್ತ ಕೂತಿದ್ದ. ನಾನೂ ಬಿಟ್ಟೆ. ಎಂಟು ದಿನ ಕಳೆದು ಒಬ್ಬನೇ ಬಂದ. ನಾನು ಮೊರದಲ್ಲಿ ಶೇಂಗಾ ಸುಲಿಯುತ್ತಿದ್ದೆ, ಅವನೂ ಕೂತು ಸುಲಿಯತೊಡಗಿದ. ಅರ್ಧ ಮೊರ ಆದ ಮೇಲೆ ತಲೆ ಎತ್ತದೆ ಹೇಳಿದ: "ನಾವು ಊರು ಬಿಡುವಾಗ ಟೆಂಪೋದಲ್ಲಿ ನಮ್ಮ ನಾಯಿಗೆ ಜಾಗ ಇರಲಿಲ್ಲ, ಅಕ್ಕೋರೆ. ಅದು ಬಹಳ ದೂರ ಓಡಿ ಬಂತು."

ನಾಯಿಯ ಹೆಸರು ಏನು ಎಂದು ಕೇಳಿದೆ. ಹೇಳಿದ. ಯಾವ ಬಣ್ಣ ಎಂದೆ. ಅದನ್ನು ಹೇಳಲು ಅವನಿಗೆ ಉಳಿದ ಅರ್ಧ ಮೊರ ಬೇಕಾಯಿತು.